ಬೆನ್ನಿಗೊಂದು ತೆಂಗು

ಟೆಂಪೋ ಇಳಿಯುವಾಗಲೂ ಷಡಕ್ಷರಪ್ಪ ಆ ತೆಂಗಿನ ಸಸೀನ ಯಾರ ಕೈಗೂ ಕೊಡಲಿಲ್ಲ. ಎಂಬತ್ತು ದಾಟಿದ ಮುದುಕ, ಕಾಲು ಗಡಗಡ ಅಂತಾವೆ, ಆದರೂ ಒಂದು ಕೈಲಿ ಕಂಬಿ, ಇನ್ನೊಂದು ಕೈಲಿ ಮಗು ಎತ್ಕೊಂಡಂಗೆ ಸಸಿ. ಪಕ್ಕದ ಹೊಲದ ಹುಚ್ಚಣ್ಣ ಓಡಿಬಂದು ಹಿಡ್ಕೊಳ್ಳೋಕೆ ಹೋದ್ರೆ, "ಬಿಡಪ್ಪ, ಅರಸೀಕೆರೆಯಿಂದ ತೊಡೆ ಮೇಲೆ ಇಟ್ಕೊಂಡು ಬಂದೀನಿ, ಇನ್ನಷ್ಟು ದೂರಕ್ಕೆ ನೀನ್ಯಾಕೆ" ಅಂದ.

ಅಂಗಳದಲ್ಲಿ ಷಡಕ್ಷರಪ್ಪನ ತಮ್ಮ ಜಯದೇವಪ್ಪನ್ನ ಕೂರಿಸಿದ್ರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ, ಊಟಕ್ಕೆ ಕರೀತಾರೆ ಅಂತ ಕಾಯ್ತಿರೋ ಮುಖ. ಹಿಂದಿನ ಸಂಜೆ ಜಗಲಿ ಮೇಲೆ ಕೂತಲ್ಲೇ ಹೋಗಿಬಿಟ್ಟಿದ್ದ, ಯಾರಿಗೂ ತೊಂದರೆ ಕೊಡದೆ. ಹೆಂಡತಿ ಕಮಲಾಕ್ಷಮ್ಮ ಅತ್ತು ಅತ್ತು ಸುಸ್ತಾಗಿ ಗೋಡೆಗೆ ಒರಗಿದ್ದವಳು, ಬಾವನ ಕೈಲಿದ್ದ ಸಸಿ ಕಂಡು ಎದ್ದು ಕೂತಳು. ಇದೊಂದು ಅವಳಿಗೆ ಮರೆತೇ ಹೋಗಿತ್ತು.

ಆ ಮನೆತನದ್ದು ಒಂದು ರೂಢಿ. ಸತ್ತೋರನ್ನ ಮಲಗಿಸೋ ಜನ ಅಲ್ಲ ಅವರು, ಕೂರಿಸಿ ಮಣ್ಣು ಮಾಡೋರು. ಕೂತೋರಿಗೆ ಒರಗೋಕೆ ಏನಾದ್ರೂ ಬೇಕಲ್ಲ? ಅದಕ್ಕೆ ಬೆನ್ನ ಹಿಂದೆ ಒಂದು ತೆಂಗಿನ ಸಸಿ. ಅದೂ ಸಂತೇಲಿ ತಂದದ್ದಲ್ಲ, ಅರಸೀಕೆರೆಯ ಹಳೇ ತೋಟದ ಕಾಯಿಂದಲೇ ಬಂದಿರಬೇಕು. ಅವರಪ್ಪನ ಬೆನ್ನಿಗೂ ಒಂದು ಮರ ಐತೆ, ತಾತನ ಬೆನ್ನಿಗೂ ಐತೆ.

ಈಗ ಗುಂಡಿ ತೆಗೀತಿದ್ದದ್ದು ಯಗಚಿ ಹೊಳೆ ದಂಡೆ ಮೇಲೆ, ಕಮಲಾಕ್ಷಮ್ಮನ ಅಪ್ಪನ ಸಮಾಧಿ ಪಕ್ಕ. ಆ ದಂಡೆ ಮೇಲೆ ತೆಂಗು ನೆಡೋ ಹಂಗಿಲ್ಲ. ನೆಟ್ಟರೆ ಹೊಳೆದಂಡೆ ಕಾಡು ಬೆಳೆಸೋಕೆ ಸಿಕ್ಕಿದ್ದ ಅನುದಾನ ಅಲ್ಲಿಗೇ ಕಟ್. ಅವಳದ್ದೊಂದೇ ಆಗಿದ್ರೆ ಹೋಗ್ಲಿ ಅನ್ನಬಹುದಿತ್ತು. ಹುಚ್ಚಣ್ಣನ ದಂಡೆ, ಅದರಾಚೆ ದ್ಯಾವಯ್ಯನ ದಂಡೆ, ಎಲ್ಲಾ ಸೇರಿ ಒಂದೇ ಅರ್ಜಿ.

* * *

ಜಯದೇವಪ್ಪ ಮನೆ ಅಳಿಯನಾಗಿ ಬಂದವನು. ಕೊಬ್ಬರಿ ವ್ಯಾಪಾರದ ಮನೇಲಿ ಹುಟ್ಟಿ, ತೆಂಗು ಬಿಟ್ರೆ ಬೇರೇದು ಮರಾನೇ ಅಲ್ಲ ಅಂತ ಬೆಳೆದ ಆಸಾಮಿ. ಬೇಲೂರು ಸೀಮೆಗೆ ಬಂದವನೇ ಮಾವನ ದಂಡೆ ಮೇಲಿದ್ದ ಹೊಂಗೆ, ನೇರಳೆ, ಅತ್ತಿ ಎಲ್ಲಾ ಕಡಿಸಿ ಸಾಲಾಗಿ ತೆಂಗು ಇಟ್ಟ. ಕಾಯಿ ಚೆನ್ನಾಗೇ ಬಿಟ್ವು, ಅದರಲ್ಲಿ ಸುಳ್ಳಿಲ್ಲ. ಆದರೆ ಒಂದು ಮಳೆಗಾಲ ಹೊಳೆ ಉಕ್ಕಿ ಬಂತು ನೋಡಿ, ದಂಡೆ ರೊಟ್ಟಿ ಮುರಿದಂಗೆ ಮುರ್ಕೊಂಡು, ತೆಂಗುಗಳು ನಿಂತ ನಿಲುವಲ್ಲೇ ನೀರಿಗೆ ಇಳಿದವು. ದ್ಯಾವಯ್ಯನ ಕಡೆ ಒಂದು ಮುದಿ ಹೊಳೆಮತ್ತಿ ಮಾತ್ರ ಬೇರಲ್ಲಿ ಮಣ್ಣು ತಬ್ಕೊಂಡು ನಿಂತೇ ಇತ್ತು.

ಅದನ್ನ ನೋಡಿಯೇ ಇವನಿಗೆ ಕಾಡಿನ ಹುಚ್ಚು ಹಿಡಿದದ್ದು. ಹಾಸನದಲ್ಲಿ ಒಂದು ಸಂಸ್ಥೆ ಹೊಳೆದಂಡೇಲಿ ಕಾಡು ಎಬ್ಬಿಸೋರಿಗೆ ಅನುದಾನ ಕೊಡ್ತದೆ ಅಂತ ಯಾರೋ ಅಂದ್ರು. ಅರ್ಜಿ ಹಾಕಿದ. ಯಾವ್ಯಾವ ಮರ ಅಂತ ಕೇಳಿದ್ದಕ್ಕೆ ಮೊದಲು ಬರೆದದ್ದೇ ತೆಂಗು. ತೆಂಗು ತೋಟದ ಬೆಳೆ, ಕಾಡುಮರ ಅಲ್ಲ ಅಂತ ವಾಪಸ್ ಬಂತು. ಮರುವರ್ಷ ಬುದ್ಧಿವಂತಿಕೆ ಮಾಡಿ ತೆಂಗನ್ನ ಕೊನೇಲಿ ಬರೆದ. ಅದೂ ವಾಪಸ್. ಆಮೇಲಿನ ಸಲ 'ನಾರಿಕೇಳ' ಅಂತ ಬರೆದು ಕಳಿಸಿದ.

ಸಂಸ್ಥೆಯ ಹುಡುಗಿ ಸ್ವಾತಿ, ನಗು ತಡ್ಕೊಂಡು ಫೋನ್ ಮಾಡಿದಳು. ಯಜಮಾನ್ರೇ, ಹೆಸರು ಬದಲಾಯಿಸಿದ್ರೆ ಮರ ಬದಲಾಗುತ್ತಾ ಅಂತ.

"ಒಂದು ಕಾಯಿ ಇಲ್ದೆ ದೇವರ ಪೂಜೆನೇ ಆಗಲ್ಲ, ಕಾಡು ಹೆಂಗಾಗುತ್ತೆ ತಾಯಿ?" ಅಂದ ಇವನು.

ಹಿಂಗೇ ಜಗಳ ಆಡ್ತಾ ಆಡ್ತಾ ಇಬ್ಬರೂ ಹತ್ತಿರಾದ್ರು. ಅವಳು ಬೇಲೂರಿಗೆ ಬಂದಾಗೆಲ್ಲ ಇವರ ಮನೇಲೇ ಊಟ. ಅರ್ಜಿ ಮಾತ್ರ ಮುಂದಕ್ಕೆ ಹೋಗಲಿಲ್ಲ. ಅಷ್ಟರಲ್ಲಿ ಹುಚ್ಚಣ್ಣನ ದಂಡೇನೂ ಕುಸೀತು. ಅವನು, ದ್ಯಾವಯ್ಯ ಇಬ್ಬರೂ ಬಂದು ನಮ್ಮನ್ನೂ ಸೇರಿಸ್ಕೊ ಅಂತ ಜಗಲಿ ಮೇಲೆ ಕೂತ್ರು.

ಅವತ್ತು ಜಯದೇವಪ್ಪ ಅರ್ಜಿ ಮುಂದಿಟ್ಕೊಂಡು ಕೂತವನು ಏಳಲೇ ಇಲ್ಲ. ಮುದ್ದೆ ಆರಿತು. ಸಾರು ಆರಿತು. ಕಮಲಾಕ್ಷಮ್ಮ ಕರೆದೂ ಕರೆದೂ ಬೇಜಾರಾಗಿ ಹೊರಗೆ ಬಂದ್ರೆ, ಪೆನ್ನು ಅವಳ ಕೈಗೆ ಕೊಟ್ಟ.

"ನೀನು ಹೊಡೆದಾಕು ಕಣೇ. ನನ್ ಕೈಲಿ ಆಗಲ್ಲ."

ಅವಳು ತೆಂಗಿನ ಮೇಲೆ ಗೀಟು ಎಳೆದಳು. ಅವನು ಆ ಕಡೆ ಮುಖ ತಿರುಗಿಸಿ ಕೂತಿದ್ದ. ಆಮೇಲೆ ಮೆತ್ತಗೆ, ನಮ್ಮಣ್ಣನಿಗೆ ಮಾತ್ರ ಹೇಳಬ್ಯಾಡ ಅಂದ.

* * *

ಗುಂಡಿಯೊಳಗೆ ಕೂರಿಸಿದ್ದಾಯ್ತು. ಅಯ್ನೋರು ಮಂತ್ರ ಹೇಳಿ, ಬಿಲ್ವಪತ್ರೆ ಹಾಕಿ, ಮಣ್ಣು ಎಳೀರಿ ಅನ್ನೋ ಹೊತ್ತಿಗೆ ಷಡಕ್ಷರಪ್ಪ ತಡೆದ. ಮೊದಲು ಬೆನ್ನ ಹಿಂದೆ ಸಸಿಗೆ ಒಂದು ಗುಣಿ ತೆಗೀಲಿ, ಆಮೇಲೆ ಜಾಗ ಗೊತ್ತಾಗಲ್ಲ ಅಂದ. ಗುದ್ದಲಿ ಇದ್ದದ್ದು ಹುಚ್ಚಣ್ಣನ ಕೈಲಿ. ಅವನು ಅಲ್ಲಾಡಲಿಲ್ಲ. ಕಮಲಾಕ್ಷಮ್ಮನ ಮುಖ ನೋಡಿದ.

ಸ್ವಾತಿ ಬಂದಿದ್ದಳು, ಅತ್ತೂ ಅತ್ತೂ ಮೂಗು ಕೆಂಪಗಾಗಿತ್ತು. ಅವಳೇ ಕಿವೀಲಿ ಹೇಳಿದಳು, ಅಮ್ಮ, ಒಂದೇ ಗಿಡ ತಾನೆ, ಮುಂದಿನ ವಾರ ದಂಡೆ ನೋಡೋಕೆ ಬರೋರಿಗೆ ನಾನು ಏನಾದ್ರೂ ಹೇಳ್ಕೋತೀನಿ ಅಂತ. ಹೂಂ ಅಂದುಬಿಟ್ಟಿದ್ರೆ ಮುಗೀತಿತ್ತು. ಮದುವೆಯಾದಾಗಿಂದ ಬಾವನ ಎದುರು ನಿಂತು ಮಾತಾಡಿದವಳಲ್ಲ ಅವಳು, ಏನಿದ್ರೂ ಬಾಗಿಲ ಹಿಂದಿಂದ.

"ಬಾವ, ಇಲ್ಲಿ ಬ್ಯಾಡಿ" ಅಂದಳು.

"ಯಾಕಮ್ಮ?"

ಹೇಳಿದಳು. ಅರ್ಜಿ, ವಾಪಸ್ ಬಂದದ್ದು, ಹುಚ್ಚಣ್ಣನ ದಂಡೆ, ಗೀಟು ಎಳೆದದ್ದು ಯಾರು, ಎಳೆಸಿದ್ದು ಯಾರು, ಎಲ್ಲಾ. ಮುದುಕ ಸಸೀನ ಎದೆಗೆ ಅವುಚ್ಕೊಂಡ.

"ಬದುಕಿದ್ದಾಗ ಮನೆ ಬಿಟ್ಟು ಬಂದ. ಈಗ ಬೆನ್ನಿಗೂ ನಮ್ಮನೇದು ಬ್ಯಾಡ ಅಂತೀಯ."

ಹಿತ್ತಲಲ್ಲಿ ನೆಡೋಣ, ದಿನಾ ನಾನೇ ನೀರು ಹಾಕ್ತೀನಿ ಅಂತ ಬೇಡ್ಕೊಂಡಳು. ಷಡಕ್ಷರಪ್ಪ, ಇದೇನು ಸತ್ತೋನ ಬೆನ್ನಿಗೆ ನೆಡೋದಾ, ಇಲ್ಲ ಹಿತ್ತಲಲ್ಲಿ ನುಗ್ಗೆಗಿಡ ಇಡೋದಾ ಅಂತ ಸಿಡುಕಿದ. ಅರಸೀಕೆರೆ ಕಡೆಯೋರು ಗುಸುಗುಸು ಅಂದ್ರು, ಹೆಂಗಸಿಗೆ ದುಡ್ಡಿನ ಆಸೆ ಅಂತಾನೂ ಒಂದು ಮಾತು ಬಂತು. ಅಯ್ನೋರು ಹೊತ್ತಾಯ್ತು ಅಂದ್ರು.

ಕಮಲಾಕ್ಷಮ್ಮ ಗುಂಡಿ ಒಳಗೆ ನೋಡಿದಳು, ಗಂಡನ್ನ. ಆಮೇಲೆ ಬಾವನ್ನ.

"ಅವತ್ತು ಊಟ ಬಿಟ್ಟು ತೀರ್ಮಾನ ಮಾಡಿದ್ರು, ಬಾವ. ಇವತ್ತು ನಾನು ಹೂಂ ಅಂದ್ರೆ ಆ ಊಟ ಬಿಟ್ಟಿದ್ದು ದಂಡ."

ಷಡಕ್ಷರಪ್ಪ ಸಸೀನ ಇನ್ನೊಂದು ಕೈಗೆ ಬದಲಾಯಿಸಿದ.

"ಊಟ ಬಿಟ್ನಾ? ಜಯಣ್ಣನಾ?"

"ಮಧ್ಯಾಹ್ನದ್ದು. ರಾತ್ರೀದೂ."

"ಅವ್ವ ಸತ್ತ ದಿನಾನೂ ಬಿಟ್ಟೋನಲ್ಲ ಅವನು" ಅಂದ ಮುದುಕ, ಯಾರಿಗೂ ಅಲ್ಲ ಅನ್ನೋ ಹಂಗೆ. ಹೊಳೆ ಕಡೆ ನೋಡಿದ. ದಂಡೆ ಉದ್ದಕ್ಕೂ ತಮ್ಮ ನೆಟ್ಟಿದ್ದ ಹೊಂಗೆ, ನೇರಳೆ ಮೊಣಕಾಲುದ್ದ ಬಂದಿದ್ವು. ಆಮೇಲೆ ದ್ಯಾವಯ್ಯನ ಕಡೆ ತಿರುಗಿ, "ಮಚ್ಚು ಐತೇನಪ್ಪ?" ಅಂದ.

ಗುಂಡಿ ಅಂಚಲ್ಲೇ ಕುಕ್ಕರುಗಾಲಲ್ಲಿ ಕೂತ. ಸಸಿಯ ಎಲೆ ಕಿತ್ತ. ಬುಡದಲ್ಲಿದ್ದ ಕಾಯಿಯ ಸಿಪ್ಪೆ ಸುಲಿದ. ಮಚ್ಚಿನ ಹಿಂಬದೀಲಿ ಕಾಯಿಗೆ ಒಂದು ಬಿಟ್ಟ. ಕಾಯಿ ಹೋಳಾಯ್ತು, ಒಳಗೆ ಬೆಳ್ಳಗೆ, ಹತ್ತಿಯಂಗೆ ಮೆತ್ತಗೆ, ಮೊಳಕೆಯ ಉಂಡೆ.

"ಇದನ್ನ ತಿನ್ನೋಕೆ ಅಂತ ನೆಡೋಕಿಟ್ಟ ಕಾಯಿ ಎಲ್ಲಾ ಒಡೀತಿದ್ದ ಬಡ್ಡೀಮಗ" ಅಂದ. "ಏಟು ತಿಂತಿದ್ದೋನು ನಾನು."

ಉಂಡೇನ ಅರ್ಧ ಮಾಡಿ, ಒಂದರ್ಧ ಹುಚ್ಚಣ್ಣನ ಕೈಲಿ ತಮ್ಮನ ಮಡಿಲಿಗೆ ಇಡಿಸಿದ. ಇನ್ನರ್ಧ ತನ್ನ ಕೈಲೇ ಉಳಿಸ್ಕೊಂಡ. ಮಣ್ಣು ಎಳೀರಪ್ಪ ಅಂದ.

ಎಲ್ಲಾ ಮುಗಿದ ಮೇಲೆ ಜನ ಸ್ನಾನಕ್ಕೆ ಹೊಳೆಗೆ ಇಳಿದ್ರು. ಮಿಂದು ಬರೋ ತನಕ ಬಾಯಿಗೆ ಏನೂ ಹಾಕೋ ಹಂಗಿಲ್ಲ. ಕಮಲಾಕ್ಷಮ್ಮ ದಂಡೆ ಮೇಲೆ ನಿಂತು ನೋಡ್ತಿದ್ದಳು. ಷಡಕ್ಷರಪ್ಪ ದ್ಯಾವಯ್ಯನ ಭುಜ ಹಿಡ್ಕೊಂಡು ಸೊಂಟದ ಮಟ್ಟ ಹೋದ, ಎದೆ ಮಟ್ಟ ಹೋದ, ಕಣ್ಣು ಮುಚ್ಚಿ ಪೂರ್ತಿ ಮುಳುಗಿದ. ನೀರ ಮೇಲೆ ಅವನ ಒಂದು ಕೈ ಮಾತ್ರ ನಿಂತಿತ್ತು, ಮುಷ್ಟಿ ಬಿಗಿದು, ಒಳಗಿರೋದು ಒದ್ದೆಯಾಗದಂಗೆ.