ನೆರಳಿನ ಬಳ್ಳಿಗೆ ಕತ್ತರಿ

ಮದುವೆಯಾದ ಇಪ್ಪತ್ತಮೂರು ವರ್ಷಗಳಲ್ಲಿ ದಾನೇಶ್ವರಿ ಗಂಡನ ಜೊತೆ ನಾಲ್ಕು ಸಲ ಸಣ್ಣಾಟ ಎಂಬ ಹಾಡು-ಕುಣಿತದ ಜನಪದ ನಾಟಕ ನೋಡಲು ಕೂತಿದ್ದಳು. ನಾಲ್ಕು ಸಲವೂ ಅದೇ ಆಟ, ನಾಲ್ಕು ಸಲವೂ ಅರ್ಧಕ್ಕೇ ಎದ್ದು ಬಂದಿದ್ದಳು. ಒಮ್ಮೆ ತೋಟಕ್ಕೆ ಕರೆಂಟು ಬಂತು, ಒಮ್ಮೆ ಮೋಡ ಕವಿಯಿತು, ಒಮ್ಮೆ ಔಷಧಿ ಹೊಡೆಯುವ ಪಂಪು ಕೆಟ್ಟಿತು. ನಾಲ್ಕನೆಯ ಸಲ ಏನೂ ಆಗಿರಲಿಲ್ಲ. ಇಷ್ಟು ಹೊತ್ತಾದರೂ ಏನೂ ಆಗಲಿಲ್ಲವಲ್ಲ ಎಂಬ ಸಂಶಯಕ್ಕೇ ಧರೆಪ್ಪ ಎದ್ದಿದ್ದ. ತಮ್ಮೂರು ಅನಂತಪುರದ ದ್ರಾಕ್ಷಿ ಬೆಳೆಗಾರರಲ್ಲಿ ಅವನಷ್ಟು ಎಚ್ಚರದ ಮನುಷ್ಯ ಇನ್ನೊಬ್ಬನಿರಲಿಲ್ಲ. ಹೀಗಾಗಿ, ಮುನಿಸಿಕೊಂಡು ತವರಿಗೆ ಹೋದ ಆಟದ ನಾಯಕಿ ಮುಂದೆ ಏನಾದಳು ಎಂಬುದು ದಾನೇಶ್ವರಿಗೆ ಇಂದಿಗೂ ಗೊತ್ತಿರಲಿಲ್ಲ.

ನಿಪ್ಪಾಣಿಯ ಮಾಳಬಾಗ ಬಡಾವಣೆಯಲ್ಲಿ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಅದೇ ಆಟ ಇದೆ ಎಂದು ತಿಳಿದಾಗ ಅವಳು ಕರಾರು ಹಾಕಿದಳು: ಆಟ ಮುಗಿಯುವವರೆಗೆ ದ್ರಾಕ್ಷಿಯ ಮಾತಿಲ್ಲ, ತೋಟಕ್ಕೆ ಫೋನಿಲ್ಲ, ನಡುವೆ ಏಳುವಂತಿಲ್ಲ. ಬಳ್ಳಿಯ ಕಡ್ಡಿ ಕತ್ತರಿಸುವ ಅಕ್ಟೋಬರ್ ಚಾಟಣಿ ಬುಧವಾರ ಶುರುವಾಗಬೇಕಿತ್ತು. ಧರೆಪ್ಪ ಒಂದು ರಾತ್ರಿ ಯೋಚಿಸಿ ಒಪ್ಪಿದ. ಆದರೆ ನಿಪ್ಪಾಣಿಯಲ್ಲಿ ಚಾಟಣಿಗೆ ಹೊಸ ಕತ್ತರಿ ಕೊಳ್ಳಬೇಕು ಎಂದ. ಬಸ್ಸಿಳಿದವರು ಮೊದಲು ಹೋದದ್ದು ಕತ್ತರಿಯ ಅಂಗಡಿಗೆ.

ಮಾಳಬಾಗ ಹಳೆಯ ತಂಬಾಕು ವ್ಯಾಪಾರಿಗಳ ಬಡಾವಣೆ. ಅಗಲವಾದ ರಸ್ತೆಗಳು, ಪ್ರತಿ ಬಂಗಲೆಗೂ ಒಂದು ಅಂಗಳ, ಇಡೀ ಬಡಾವಣೆಗೆ ಮೂರು ಉದ್ಯಾನ. ಹಿಂದೆ ತಂಬಾಕು ತುಂಬಿಡುವ ವಖಾರಿಯಾಗಿದ್ದ ಕಲ್ಲಿನ ಕಟ್ಟಡದ ಅರ್ಧದಲ್ಲಿ ಈಗ ವಸ್ತುಸಂಗ್ರಹಾಲಯ, ಇನ್ನರ್ಧದಲ್ಲಿ ರಂಗಮಂದಿರ. ದಾನೇಶ್ವರಿ ಬಂಗಲೆಗಳ ಬಣ್ಣದ ಗಾಜು ನೋಡುತ್ತ ನಡೆದಳು. ಧರೆಪ್ಪ ಉದ್ಯಾನದ ಗುಲಾಬಿಯ ಎಲೆ ತಿರುವಿ ನೋಡುತ್ತ ಬಂದ.

"ಅಂಚು ಸುಟ್ಟಾವು ನೋಡು. ಪೊಟ್ಯಾಶ್ ಕಮ್ಮಿ ಬಿದ್ದೈತಿ."

"ಕರಾರು ನೆನಪೈತೇನ್ರಿ?"

"ನಾ ಗುಲಾಬಿ ಮಾತಾಡಾಕತ್ತೀನಿ. ಕರಾರಿನ್ಯಾಗ ಗುಲಾಬಿ ಎಲ್ಲಿತ್ತು?"

ಹುಲ್ಲುಹಾಸಿಗೆ ಸಿಂಪಡಿಸುತ್ತಿದ್ದ ನೀರು ಕಂಡು ಅವನಿಗೆ ಹೊಟ್ಟೆಯುರಿಯಿತು. ಮೇಯಲು ದನವಿಲ್ಲದ ಕಡೆ ಹುಲ್ಲು ಯಾಕೆ ಬೆಳೆಸುತ್ತಾರೆ ಎಂದು ಎರಡು ಸಲ ಕೇಳಿದ. ವಸ್ತುಸಂಗ್ರಹಾಲಯದಲ್ಲಿ, ನೂರು ವರ್ಷದ ದೊಡ್ಡ ತಕ್ಕಡಿಯ ಒಂದು ತಟ್ಟೆ ತುಸು ಕೆಳಗಿದೆ ಎಂದು ಪತ್ತೆ ಹಚ್ಚಿ, ಅದರ ಮುಂದೆ ಹತ್ತು ನಿಮಿಷ ಬಗ್ಗಿ ನಿಂತ. ದಾನೇಶ್ವರಿಗೆ ನಗು ಬಂತು. ಇಲ್ಲಿಯವರೆಗೆ ಅವನು ಒಂದು ಸಲವೂ ಫೋನು ಮುಟ್ಟಿರಲಿಲ್ಲ.

ಮೂರೂವರೆಗೆ ಅವಳು ಜಾಗ ಹಿಡಿಯಲು ಒಳಗೆ ಹೋದಳು. ಎರಡನೆಯ ಸಾಲಿನ ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ಚೀಲ, ಇನ್ನೊಂದರ ಮೇಲೆ ಕರವಸ್ತ್ರ ಇಟ್ಟು, ಇಪ್ಪತ್ತು ನಿಮಿಷ ಕಾದು ಹೊರಗೆ ಬಂದಾಗ ಅಂಗಳದ ಬೆಳಕೇ ಬೇರೆಯಾಗಿತ್ತು.

ರಂಗಮಂದಿರದ ಬಾಗಿಲ ಪಕ್ಕ ಕಬ್ಬಿಣದ ಚಪ್ಪರ. ಅದರ ಮೇಲೆ ಒಂದು ಮುದಿ ದ್ರಾಕ್ಷಿ ಬಳ್ಳಿ ದಟ್ಟವಾಗಿ ಹಬ್ಬಿತ್ತು. ಇತ್ತು ಎನ್ನಬೇಕು, ಯಾಕೆಂದರೆ ಈಗ ಅರ್ಧ ಚಪ್ಪರ ಬೋಳಾಗಿತ್ತು. ಧರೆಪ್ಪ ಕಲ್ಲುಬೆಂಚಿನ ಮೇಲೆ ನಿಂತು, ಕಡ್ಡಿಯ ಮೇಲಿನ ಚಿಗುರುಗಣ್ಣುಗಳನ್ನು ಎಣಿಸಿ ಎಣಿಸಿ ಕತ್ತರಿಸುತ್ತಿದ್ದ. ಕಾಲ ಕೆಳಗೆ ಎಲೆಯ ರಾಶಿ. ದಿನವೂ ಅಲ್ಲಿ ಕೂರುವ ಮೂವರು ಅಜ್ಜಿಯರು ಬಿಸಿಲಲ್ಲಿ ಸೆರಗು ಹೊದ್ದು ನಿಂತಿದ್ದರು. ಕಾವಲುಗಾರ ಸಂಭಾಜಿ, ನೆಂಟರನ್ನು ಕರೆಯುವಂತೆ ಮರಾಠಿ ಬೆರೆಸಿ ಕೂಗುತ್ತ ಓಡಿ ಬಂದ.

"ಅಹೋ ಪಾವಣೇ! ಏನ್ ಮಾಡಾಕತ್ತೀರಿ?"

"ಹೆದರಬ್ಯಾಡೋ. ಇದಕ್ಕ ವರ್ಷಾನುಗಟ್ಟಲೆ ಯಾರೂ ಕತ್ತರಿ ಹಚ್ಚಿಲ್ಲ. ಫೆಬ್ರುವರಿಗೆ ಗೊನಿ ನೋಡು."

"ಗೊನಿ ಯಾರಿಗೆ ಬೇಕ್ರಿ? ಇದು ನೆರಳಿಗೆ ಹಚ್ಚಿದ್ದು!"

ಧರೆಪ್ಪನ ಕೈ ನಿಂತಿತು. ದ್ರಾಕ್ಷಿ ಬಳ್ಳಿಯನ್ನು ನೆರಳಿಗಾಗಿ ಬೆಳೆಸುವವರೂ ಇದ್ದಾರೆ ಎಂಬುದು ಐವತ್ತೊಂದು ವರ್ಷ ಅವನ ತಲೆಗೆ ಹೊಳೆದಿರಲಿಲ್ಲ. ಆದರೆ ಸೋಲುವ ಗಿರಾಕಿಯಲ್ಲ. "ಅರ್ಧ ಬಿಟ್ರ ಚಿಗುರು ಹಿಂದ-ಮುಂದ ಆಕ್ಕೈತಿ. ಪೂರಾ ಮಾಡಿಬಿಡ್ತೀನಿ," ಎಂದ.

"ಪೂರಾನಾ?" ಒಬ್ಬ ಅಜ್ಜಿ ಚೀರಿದಳು. "ಸಂಭಾಜಿ, ಮೊದಲ ಆ ಕತ್ರಿ ಕಸಗೋ!"

ಸಂಭಾಜಿ ಕಸಿದುಕೊಂಡ. "ಆಟ ಮುಗಿದ ಮ್ಯಾಲ ರಂಗಮಂದಿರದ ಸೆಕ್ರೆಟರಿ ಸಾಹೇಬ್ರು ಹೊರಗ ಬರ್ತಾರ. ಅಲ್ಲೀತನಾ ನೀವು ಇಲ್ಲೇ ನಿಲ್ಲಬೇಕು." ಆಮೇಲೆ ದಾನೇಶ್ವರಿಯ ಕಡೆ ತಿರುಗಿದ. "ಅಕ್ಕಾರ, ಇವರು ನಿಮ್ಮವರೇನ್ರಿ?"

ದಾನೇಶ್ವರಿ ಒಂದು ಕ್ಷಣ ಲೆಕ್ಕ ಹಾಕಿದಳು. "ಒಂದ ಬಸ್ಸಿಗೆ ಬಂದೀವ್ರಿ," ಎಂದಳು.

"ಏ ದಾನಿ!"

ಒಳಗೆ ಹಾರ್ಮೋನಿಯಂ ಶುರುವಾಯಿತು. ಬೇಡಿಕೊಳ್ಳಬಹುದಿತ್ತು, ಬೇಡಿಕೊಂಡು ಮುಗಿಸುವಷ್ಟರಲ್ಲಿ ಐದನೆಯ ಸಲವೂ ಹೋಗುತ್ತಿತ್ತು. "ಇವರನ್ನ ಛಲೋ ಕಾಯ್ರಿ ತಮ್ಮಾ," ಎಂದು ಹೇಳಿ ಅವಳು ಒಳಗೆ ಹೋಗಿ ಕೂತಳು.

ಕೂತಳು, ಅಷ್ಟೇ. ಮೇಳ ಹಾಡುತ್ತಿತ್ತು, ಅವಳ ಕಣ್ಣು ಬಾಗಿಲ ಕಡೆ ಇತ್ತು. ಪಕ್ಕದ ಕರವಸ್ತ್ರವನ್ನು ಎತ್ತಿ ಯಾರಿಗಾದರೂ ಕುರ್ಚಿ ಬಿಡೋಣವೆಂದರೆ ಕೈ ಏಳಲಿಲ್ಲ. ಅರ್ಧದಲ್ಲಿ ಎದ್ದು ಹೋಗುವ ಗಂಡನಿಗಿಂತ ಬರಲೇ ಇಲ್ಲದ ಗಂಡ ಹೆಚ್ಚು ಅಡ್ಡ ಎಂಬುದು ಅವಳಿಗೆ ಹೊಸ ಸಂಗತಿ.

ಕಾಲು ಗಂಟೆಯ ಮೇಲೆ ಸಂಭಾಜಿ ಧರೆಪ್ಪನ ತೋಳು ಹಿಡಿದು ಒಳಗೆ ತಂದ.

"ಹೊರಗ ಬಿಟ್ರ ಕೈಯಿಂದನ ಕಡ್ಡಿ ಮುರ್ಯಾಕತ್ತಾರ್ರಿ ಅಕ್ಕಾರ. ಇಲ್ಲೇ ಕುಂದರಸ್ತೀನಿ." ಧರೆಪ್ಪನನ್ನು ಕರವಸ್ತ್ರದ ಕುರ್ಚಿಯಲ್ಲಿ ಕೂರಿಸಿ, ಆಚೆಯ ಖಾಲಿ ಕುರ್ಚಿಯಲ್ಲಿ ತಾನೂ ಕೂತ.

ಆಟ ನಡೆಯಿತು. ನಾಯಕಿ ಮುನಿಸಿಕೊಂಡು ಗಂಟು ಕಟ್ಟಿಕೊಳ್ಳುವ ಹೊತ್ತಿಗೆ, ಅಭ್ಯಾಸಬಲದಿಂದ ಧರೆಪ್ಪ ಎದ್ದ. ಹೆಗಲ ಮೇಲೆ ಸಂಭಾಜಿಯ ಕೈ ಬಿತ್ತು.

"ಕೂಡ್ರಿ ಪಾವಣೇರ."

ಕೂತ. ದಾನೇಶ್ವರಿ ವೇದಿಕೆಯಿಂದ ಕಣ್ಣು ತೆಗೆಯದೆ ನಕ್ಕಳು.

ಮುಂದಿನದೆಲ್ಲ ಅವಳು ಕಾಣದ ಆಟ. ನಾಯಕಿ ತಿರುಗಿ ಬರಲೇ ಇಲ್ಲ. ಗಂಡನೇ ಅವಳ ತವರಿಗೆ ಹೋಗಿ, ಒಳಗೆ ಕರೆಯುವವರೆಗೆ ಮೂರು ದಿನ ಕಟ್ಟೆಯ ಮೇಲೆ ಕೂತ. ಕರೆದ ಮೇಲೆ ಉಂಡ.

"ಮೊದಲನೇ ದಿನಾನ ಹೋಗಬೇಕಿತ್ತ ಅಂವಾ, ಹುಚ್ಚ," ಎಂದು ಧರೆಪ್ಪ ಗಟ್ಟಿಯಾಗಿಯೇ ಹೇಳಿದ. ಮುಂದಿನ ಸಾಲಿನವರು ತಿರುಗಿ ನೋಡಿದರು.

ದೀಪ ಹತ್ತಿದವು. ಧರೆಪ್ಪ ಕಣ್ಣೊರೆಸಿಕೊಂಡು, ಏಳಲು ಅಪ್ಪಣೆ ಕೇಳುವವನಂತೆ ಆಚೆ ತಿರುಗಿದ. ಕುರ್ಚಿ ಖಾಲಿ ಇತ್ತು.

"ಸಂಭಾಜಿ ಎಲ್ಲಿ? ಯಾವಾಗ ಹ್ವಾದ?"

ಗಂಟು ಕಟ್ಟುವ ಹಾಡು ಮುಗಿಯುತ್ತಿದ್ದಂತೆಯೇ ಯಾರೋ ಸನ್ನೆ ಮಾಡಿ ಗೇಟಿಗೆ ಕರೆದಿದ್ದರು. ಸಂಭಾಜಿ ಎದ್ದು ಹೋದದ್ದನ್ನು ದಾನೇಶ್ವರಿ ಕಣ್ಣಾರೆ ಕಂಡಿದ್ದಳು. ಅಲ್ಲಿಂದ ಇಲ್ಲಿಗೆ ಒಂದು ಗಂಟೆ ಹತ್ತು ನಿಮಿಷ ಧರೆಪ್ಪ ಕಾವಲಿಲ್ಲದೆಯೇ ಕೂತಿದ್ದ.

"ಈಗ ಹ್ವಾದ್ರಿ, ಈಗಷ್ಟ," ಎಂದಳು ಅವಳು. "ನಡೀರಿ, ಅಜ್ಜಿಗೋಳಿಗೆ ತಪ್ಪಾತು ಅನ್ನೋಣು."