ಕೋಟೆ ದಾರಿಯ ಪುಸ್ತಕ

ನನಗೆ ಹೊಟ್ಟೆಕಿಚ್ಚು ಅಂತ ಯಾರಾದರೂ ಅಂದರೆ ಒಪ್ಪಿಕೊಳ್ಳುತ್ತೇನೆ. ಮುಚ್ಚಿಟ್ಟು ಏನಾಗಬೇಕು? ಹನ್ನೆರಡು ವರ್ಷದಿಂದ ನಮ್ಮ ಬೈಂಡಿಂಗ್ ಶೆಡ್ಡಿನವರನ್ನು ಬೆಟ್ಟದ ಮೇಲಿನ ಹಳೇ ಕೋಟೆಗೆ ಕರೆದುಕೊಂಡು ಹೋಗುತ್ತಿದ್ದವಳು ನಾನು. ಪಠ್ಯಪುಸ್ತಕದ ಕೆಲಸ ಮುಗಿದು, ಕೊನೆಯ ಕಟ್ಟು ಲಾರಿ ಏರಿದ ಮರುವಾರ ಹೊರಡುವುದು ರೂಢಿ. ಮುಂದೆ ನಾನು, ನನ್ನ ಪಕ್ಕ ತಂಗಿ, ಹಿಂದೆ ಉಳಿದವರು. ಎಷ್ಟು ಹೊತ್ತಿಗೆ ಬಸ್ಸು, ಯಾರು ನೀರು ಹೊರಬೇಕು, ಯಾವ ಬಾಗಿಲ ಬಳಿ ಊಟದ ಡಬ್ಬಿ ಬಿಚ್ಚಬೇಕು, ಎಲ್ಲ ನನ್ನ ತಲೆಯಲ್ಲೇ ಇರುತ್ತಿತ್ತು. ದಿನವಿಡೀ ಕಾಗದ ಮಡಿಸುವವರಿಗೆ ಕಾಗದದ ಮೇಲೆ ಬರೆದಿಟ್ಟುಕೊಳ್ಳುವ ಚಟ ಇರುವುದಿಲ್ಲ.

ಈ ವರ್ಷ ಕೆಂಪಿಂಕು ಬಂದಳು. ಮಹಡಿಯಲ್ಲಿ ಪ್ರೂಫ್ ನೋಡಲು ಹೊಸದಾಗಿ ಸೇರಿದವಳು. ಆ ಹೆಸರಿಟ್ಟದ್ದು ನಾನು. ಕೈಗೆ ಯಾವ ಕಾಗದ ಸಿಕ್ಕರೂ ಅದರ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಏನಾದರೂ ಗೀಚದಿದ್ದರೆ ಅವಳಿಗೆ ತಿಂದ ಅನ್ನ ಅರಗುವುದಿಲ್ಲ. ಗೋಡೆಗೆ ಅಂಟಿಸಿದ್ದ ರಜೆಯ ಪಟ್ಟಿಯನ್ನೂ ತಿದ್ದಿದ್ದಳು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ನಾಲ್ಕು ತಿಂಗಳಿಗೆ ತಣ್ಣಗಾಗುತ್ತಾಳೆ ಅಂದುಕೊಂಡಿದ್ದೆ. ಆಗಲಿಲ್ಲ. ಬದಲಿಗೆ ನನ್ನ ತಂಗಿಯೇ ಮಧ್ಯಾಹ್ನ ಡಬ್ಬಿ ಎತ್ತಿಕೊಂಡು ಮಹಡಿ ಹತ್ತತೊಡಗಿದಳು. ಅವಳಿಗೆ ಸೂಜಿಗೆ ದಾರ ಪೋಣಿಸುವುದನ್ನು ಕಲಿಸಿದ್ದು ನಾನು. ಅಚ್ಚಾದ ದೊಡ್ಡ ಹಾಳೆಯನ್ನು ಫಾರಂ ಆಗಿ ಮಡಿಸುವುದು, ಹೊಲಿಯುವುದು, ಗೋಂದು ಎಷ್ಟು ಹಚ್ಚಬೇಕು ಅನ್ನುವುದು, ಎಲ್ಲ ನನ್ನಿಂದಲೇ. ಹಿತ್ತಲ ಗಿಡ ಮದ್ದಲ್ಲ, ಇನ್ನೇನು.

ಒಂದು ದಿನ ಹೊಲಿಯುತ್ತಾ ಕೂತಿದ್ದಾಗ ತಂಗಿ ಸುದ್ದಿ ತೆಗೆದಳು. "ಅಕ್ಕಾ, ಈ ಸಲ ಕೋಟೆಗೆ ಹೋಗೋ ಪ್ಲಾನ್ ಮಹಡಿ ಮೇಡಂ ಮಾಡ್ತಾರಂತೆ. ಮ್ಯಾಪ್ ತರಿಸಿದ್ದಾರೆ. ಒಂದು ಪುಟ್ಟ ಪುಸ್ತಕಾನೇ ಮಾಡಿ ಎಲ್ಲರಿಗೂ ಕೊಡೋಣ ಅಂತ."

"ಹನ್ನೆರಡು ವರ್ಷ ಮ್ಯಾಪಿಲ್ಲದೆ ಹೋದ್ವಲ್ಲ, ಯಾರು ಕಳೆದುಹೋದ್ರು?"

"ಯಾರೂ ಇಲ್ಲ. ಆದ್ರೂ ಚೆನ್ನಾಗಿರುತ್ತಲ್ವಾ."

"ಮುಂದೆ ನನ್ನ ಜೊತೆ ಯಾರು ನಡೀತಾರೆ?"

ಅವಳು ದಾರವನ್ನು ಹಲ್ಲಿನಲ್ಲಿ ಕಡಿದು, "ಮೂವರೂ ಒಟ್ಟಿಗೆ ನಡೆದರಾಯ್ತು ಬಿಡು," ಅಂದಳು.

ಮೂವರೂ! ನನ್ನ ತಂಗಿಯ ಪಕ್ಕದ ಜಾಗವನ್ನು ನಿನ್ನೆ ಮೊನ್ನೆ ಬಂದವಳ ಜೊತೆ ನಾನು ಹಂಚಿಕೊಳ್ಳಬೇಕಂತೆ. ಅವತ್ತು ಎರಡು ಫಾರಂ ತಲೆಕೆಳಗಾಗಿ ಹೊಲಿದೆ.

ಇದರ ಮೇಲೆ ಇನ್ನೊಂದು ಸಂಕಟ ಇತ್ತು. ಎರಡು ವರ್ಷದಿಂದ ನನ್ನ ಬಲಮಂಡಿ ಕೈಕೊಟ್ಟಿದೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ "ನೀವು ಕೆಳಗೇ ಕೂತಿರಿ ಅಕ್ಕಾ, ಚೀಲ ನೋಡ್ಕೊಳ್ಳಿ" ಅನ್ನುತ್ತಾರೆ. ಆಮೇಲೆ ತಂಗಿ ಯಾರ ಪಕ್ಕ ನಡೆದರೂ ಕೇಳುವ ಹಕ್ಕು ನನಗೆಲ್ಲಿ?

ಮರುದಿನ ಡಬ್ಬಿ ತೊಳೆಯಲು ಹೋದಾಗ ಅವರಿಬ್ಬರೂ ಮಹಡಿಯ ಮೆಟ್ಟಿಲ ಮೇಲೆ ಮ್ಯಾಪು ಹರಡಿಕೊಂಡು ಕೂತಿದ್ದರು. ತಂಗಿ ಏನೋ ಪಿಸುಗುಟ್ಟುತ್ತಿದ್ದಳು, ಕೆಂಪಿಂಕು ನಗುತ್ತಾ ಬರೆದುಕೊಳ್ಳುತ್ತಿದ್ದಳು. ನನ್ನನ್ನು ಕಂಡದ್ದೇ ತಡ, ಇಬ್ಬರ ಬಾಯಿಗೂ ಬೀಗ. ಮೈಯೆಲ್ಲ ಉರಿದುಹೋಯಿತು.

ಶನಿವಾರ ಬೆಳಿಗ್ಗೆ ಆ ಪುಟ್ಟ ಪುಸ್ತಕದ ಮಡಿಸಿದ ಹಾಳೆಗಳು ನನ್ನ ಮೇಜಿಗೇ ಬಂದವು. ಹತ್ತು ಪ್ರತಿ. "ಇದೊಂದು ನನ್ನದು, ಸ್ವಲ್ಪ ಜೋಪಾನ," ಅಂತ ತಂಗಿ ಒಂದನ್ನು ಬೇರೆ ಇಟ್ಟು ಗೋಡೌನಿಗೆ ಹೋದಳು. ಅವಳದ್ದನ್ನು ತೆರೆದು ನೋಡಿದೆ. ಪ್ರತಿ ಪುಟದ ಹೊರ ಅಂಚಿನಲ್ಲೂ ಮೇಲಿನಿಂದ ಕೆಳಗಿನವರೆಗೆ ಸಣ್ಣ ಕೆಂಪು ಅಕ್ಷರ.

ನಮ್ಮ ಶೆಡ್ಡಿನಲ್ಲಿ ಒಂದು ನಿಯಮ ಇದೆ. ಅಂಚಿನಲ್ಲಿ ಕೈಬರಹ ಕಂಡರೆ, ಅಂಚು ಸಮ ಮಾಡುವ ಕಟಿಂಗ್ ಮಷಿನ್ನಿಗೆ ಕೊಡುವ ಮೊದಲು ಪುಸ್ತಕದವರನ್ನು ಕೇಳಬೇಕು. ಹಿಂದೊಮ್ಮೆ ಗಿರಾಕಿಯೊಬ್ಬನ ತೀರಿಹೋದ ತಾಯಿ ಅಡುಗೆ ಪುಸ್ತಕದ ಅಂಚಿನಲ್ಲಿ ಬರೆದಿದ್ದ ಮಾತುಗಳನ್ನು ನಮ್ಮವರು ಕತ್ತರಿಸಿ ಎಸೆದಿದ್ದರು. ಆತ ಇಲ್ಲೇ ನಿಂತು ಅತ್ತಿದ್ದ. ಆಮೇಲೆ ಈ ನಿಯಮ ಮಾಡಿದವಳು ನಾನೇ.

ಒಂದಕ್ಷರವೂ ಓದಲಿಲ್ಲ. ಹೊಲಿಯಲು ಬಂದದ್ದನ್ನು ನಾನೆಂದೂ ಓದುವವಳಲ್ಲ, ಅದು ತಂಗಿಗೂ ಗೊತ್ತು. ಅವರಿಬ್ಬರ ಗುಟ್ಟು ಓದಿ ಇನ್ನಷ್ಟು ಉರಿದುಕೊಳ್ಳುವುದು ಯಾಕೆ? ಹೊಲಿದೆ, ರಟ್ಟು ಹಾಕಿದೆ, ಮಷಿನ್ನಿಗಿಟ್ಟು ಹಿಡಿ ಎಳೆದೆ. ಬೇಕಾದ್ದಕ್ಕಿಂತ ಅರ್ಧ ಬೆರಳು ಹೆಚ್ಚೇ ಒಳಕ್ಕಿಟ್ಟಿದ್ದೆ. ಕೆಂಪು ಪಟ್ಟಿಗಳು ಚೂರುಕಾಗದದ ಬುಟ್ಟಿಗೆ ಬಿದ್ದವು. ಆ ಕ್ಷಣಕ್ಕೆ ಹಾಯೆನಿಸಿತು, ಸುಳ್ಳು ಹೇಳುವುದಿಲ್ಲ.

ಮಧ್ಯಾಹ್ನ ಇಬ್ಬರೂ ಒಟ್ಟಿಗೇ ಬಂದರು. ತಂಗಿ ಪುಸ್ತಕ ತಿರುವಿದಳು. ಇನ್ನೊಮ್ಮೆ ತಿರುವಿದಳು.

"ಅಕ್ಕಾ, ಅಂಚು?"

"ಅಂಚಿಗೇನಾಗಿದೆ? ನೀಟಾಗಿದೆಯಲ್ಲ," ಅಂದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕಣ್ಣು ಬುಟ್ಟಿಯ ಕಡೆ ಹೋಯಿತು. ಅವಳದೂ ಅಲ್ಲಿಗೇ ಹೋಯಿತು.

ತಂಗಿ ನೆಲದ ಮೇಲೆ ಕೂತು ಬುಟ್ಟಿ ಸುರಿದಳು. ಕೆಂಪು ಪಟ್ಟಿಗಳನ್ನು ಆರಿಸಿ ಆರಿಸಿ ನನ್ನ ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಈಗ ಓದದೆ ವಿಧಿಯಿರಲಿಲ್ಲ. ಅಕ್ಷರ ಕೆಂಪಿಂಕುವಿನದು, ಮಾತು ತಂಗಿಯದು.

'ಮೊದಲ ಬಾಗಿಲು. ಇಲ್ಲಿ ಅಕ್ಕ ಶೂ ಲೇಸ್ ಕಟ್ಟೋ ನೆಪ ಮಾಡ್ತಾಳೆ. ನೋಡಿದ ಹಾಗೆ ಮಾಡಬಾರದು.'

'ಕಡಿದಾದ ಮೆಟ್ಟಿಲು. ಅಕ್ಕ ಕೂರ್ತೀನಿ ಅನ್ನಲ್ಲ. ಮೇಡಂ ಸುಸ್ತು ಅನ್ನಬೇಕು.'

'ಬಾವಿ. ಈಗ ನಾನು ಸುಸ್ತು ಅನ್ನಬೇಕು. ಹತ್ತು ನಿಮಿಷ.'

'ಇಳಿಯುವಾಗ ಅಕ್ಕನ ಬಲಗಡೆ ನಾನು, ಎಡಗಡೆ ಮೇಡಂ. ಮಾತಾಡ್ತಾ ಇರಬೇಕು, ಕೈ ಹಿಡಿದದ್ದು ಗೊತ್ತಾಗಬಾರದು.'

ಹದಿನಾರು ಪಟ್ಟಿಯಲ್ಲೂ ನಾನೇ. ಎರಡು ವರ್ಷ ನಾನು ಮುಚ್ಚಿಟ್ಟದ್ದನ್ನೆಲ್ಲ ತಂಗಿ ಒಂದೊಂದು ಮೆಟ್ಟಿಲಿನ ಲೆಕ್ಕದಲ್ಲಿ ನೋಡಿಟ್ಟುಕೊಂಡಿದ್ದಳು. ನನಗೆ ಗೊತ್ತಾದರೆ ರಂಪ ಮಾಡುತ್ತೇನೆಂದೇ ಅವತ್ತು ಮೆಟ್ಟಿಲ ಮೇಲೆ ಪಿಸುಗುಟ್ಟಿದ್ದಳು.

ಕೆಂಪಿಂಕುವೇ ಮೆಲ್ಲಗೆ ಅಂದಳು: "ಕೆಲಸದ ಗಡಿಬಿಡೀಲಿ ಗಮನಿಸಿರಲ್ಲ ಅಲ್ವಾ ಅಕ್ಕಾ? ಕತ್ತರಿಸಬೇಡಿ ಅಂತ ನಾನು ಪೆನ್ಸಿಲಲ್ಲಿ ಒಂದು ಗುರುತು ಹಾಕಬೇಕಿತ್ತು."

ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟಳು ಪುಣ್ಯಾತ್ಗಿತ್ತಿ. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅವಳಿಂದ ಅದನ್ನೂ ಪಡೆದುಕೊಳ್ಳಲು ನನಗಾಗಲಿಲ್ಲ.

"ಗಮನಿಸಿದ್ದೆ. ನಿಮ್ಮ ಕೈಬರಹ ಅಂತ ಗೊತ್ತಿದ್ದೇ ಕತ್ತರಿಸಿದೆ. ಹೊಟ್ಟೆ ಉರೀತು, ಕತ್ತರಿಸಿದೆ."

ತಂಗಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳು ಎದ್ದು ಹೋಗುತ್ತಾಳೆ ಅಂದುಕೊಂಡೆ. ಸ್ಟೂಲು ಎಳೆದ ಸದ್ದಾಯಿತು. ಇನ್ನೂ ಕತ್ತರಿಸದ ಪ್ರತಿಗಳಲ್ಲಿ ಒಂದನ್ನು ಬಿಚ್ಚಿ ಅವಳು ನನ್ನ ಮುಂದಿಟ್ಟಳು. ಮೇಡಂ ಕೈಯಿಂದ ಪೆನ್ನು ಇಸಿದುಕೊಂಡು ಅದನ್ನೂ ಇಟ್ಟಳು.

"ನೀನೇ ಬರಿ," ಅಂದಳು. ಬೈಗುಳದ ದನಿ. "ನಾವು ಊಹೆ ಮಾಡಿ ಮಾಡಿ ಬರೆದದ್ದು. ಎಲ್ಲೆಲ್ಲಿ ನೋಯುತ್ತೆ ಅಂತ ನಿನಗೆ ತಾನೇ ಗೊತ್ತಿರೋದು. ಒಂದನ್ನೂ ಬಿಡಬೇಡ."

ಇಬ್ಬರೂ ಕಾಯುತ್ತಿದ್ದರು. ಬಾವಿಯ ಪುಟ ತೆರೆದೆ, ಮುಚ್ಚಿದೆ. ಕಡಿದಾದ ಮೆಟ್ಟಿಲಿನ ಪುಟ ತೆರೆದೆ. ಆಮೇಲೆ ಎಲ್ಲ ಹಿಂದಕ್ಕೆ ತಿರುವಿ, ಬಸ್ಸು ಇಳಿಯುವ ಜಾಗ ಇದ್ದ ಮೊದಲನೇ ಪುಟಕ್ಕೆ ಬಂದು, ಅದರ ಅಂಚಿನಲ್ಲಿ ಬರೆದೆ: 'ಇಲ್ಲಿಂದಲೇ.'