ಓನರಮ್ಮನಿಗೆ ತಿಳಿಯದ್ದು

"ಮುಂದೆ ಇರೋದು ಒಂದೇ ಸೀಟು, ನಾನು ಕೂತ್ಕೋತೀನಿ. ಆ ರೂಂಮೇಟು ಹಿಂದಿನ ವ್ಯಾನಲ್ಲಿ ಬರ್ಲಿ ಬಿಡೇ," ಎನ್ನುತ್ತ ಅಕ್ಕನ ಗಂಡ ಶವದ ವ್ಯಾನು ಹತ್ತಿಯೇಬಿಟ್ಟರು.

ವ್ಯಾನಿನೊಳಗೆ ಅಕ್ಕನ ಒಬ್ಬನೇ ತಮ್ಮ, ಬೀದಿಗೆಲ್ಲ ಬಟ್ಟೆ ಹೊಲಿದುಕೊಟ್ಟ ಟೈಲರ್, ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಅವನ ಜೊತೆ ಒಂದೇ ಮನೆಯಲ್ಲಿ ಬದುಕಿ ತಲೆ ನರೆಸಿಕೊಂಡ ವಾಚು ರಿಪೇರಿಯವನು, ಎಲ್ಲರ ಬಾಯಲ್ಲಿ 'ಗಡಿಯಾರ', ಬಾಗಿಲಲ್ಲಿ ಚಪ್ಪಲಿಗೆ ತಡಕಾಡುತ್ತಿದ್ದ.

"ಬಾ ಗಡಿಯಾರ, ಜಾಗ ಹಿಡ್ದಿದೀನಿ," ಎಂದು ಹಿಂದಿನ ವ್ಯಾನಿನಿಂದ ಸಲೂನಿನವನು ಕರೆದ. "ಈ ಹರಿದ ಸೀಟ್ ಕವರ್ ನೋಡಿದ್ರೆ ನಮ್ಮ ಟೈಲರ್ ಎದ್ದು ಕೂತು ಡ್ರೈವರನ್ನ ಬೈತಿದ್ದ!"

ಗಡಿಯಾರ ನಗಲು ಹೋದ. ನಗು ಬರಲಿಲ್ಲ.

*

ಹೋದ ವಾರ, ಹಾಸಿಗೆ ಹಿಡಿದಿದ್ದ ತಮ್ಮನ ಕಣ್ಣು ಮಂಜಾಗಿತ್ತು. "ಅಕ್ಕ, ಇದನ್ನ ಓದಿ ಹೇಳೇ," ಎಂದಿದ್ದ. ತೆಳ್ಳನೆಯ ಕಾದಂಬರಿ. ಮಹಡಿ ಮೇಲೆ ಬಾಡಿಗೆಗಿದ್ದ ಇಬ್ಬರು ಹುಡುಗರ ಪ್ರೀತಿ. ಕಥೆ ಹೇಳುವವಳು ಕೆಳಗಿನ ಓನರಮ್ಮ, ಅವಳಿಗೋ ಒಂದೂ ತಿಳಿಯದು. ಒಬ್ಬನಿಗೆ ಜ್ವರ ಬಂದು ಇನ್ನೊಬ್ಬ ಅತ್ತರೆ, ಪಾಪ ಈರುಳ್ಳಿ ಹೆಚ್ಚುತ್ತಿದ್ದ ಎನ್ನುತ್ತಾಳೆ. ಎರಡು ಮಂಚ ಕೂಡಿಸಿಟ್ಟರೆ, ಕಸ ಗುಡಿಸಲು ಸಲೀಸು ಎನ್ನುತ್ತಾಳೆ.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಂಥ ಪೆದ್ದಿನೋ ಇವಳು! ಕಣ್ಣೆದುರಿಗೇ ಇದೆ, ಕಾಣ್ಸಲ್ವಲ್ಲೋ!"

ತಮ್ಮನೂ ನಕ್ಕು ನಕ್ಕು ಕೆಮ್ಮಿದ. ಟೀ ತಂದ ಗಡಿಯಾರ ಲೋಟ ಇಟ್ಟು ಅವನ ಬೆನ್ನು ನೀವಿದ. ಕೆಮ್ಮು ನಿಂತರೂ ಕೈ ಅಲ್ಲೇ ಉಳಿಯಿತು.

ಅಕ್ಕನ ಕಣ್ಣು ತಾನು ಕೂತಿದ್ದ ಹಾಸಿಗೆಗೆ ಇಳಿಯಿತು. ಅವಳು ವರ್ಷ ವರ್ಷ ತಂದುಕೊಡುತ್ತಿದ್ದದ್ದು ಒಂಟಿ ಮಂಚದ ಬೆಡ್‌ಶೀಟು. ತಮ್ಮ ಎರಡೆರಡನ್ನು ಸೇರಿಸಿ ಒಂದು ಮಾಡುತ್ತಿದ್ದ. ನಡುವೆ ಕೂದಲೆಳೆಯಂಥ ಹೊಲಿಗೆ. ಒಗೆಯೋಕೆ ಅನುಕೂಲ ಅಂತ ಇರಬೇಕು ಎಂದುಕೊಂಡೇ ಅವಳು ಇಷ್ಟು ಕಾಲ ಕಳೆದಿದ್ದಳು.

ಹೊಲಿಗೆಯ ಮೇಲೆ ಬೆರಳಾಡಿಸಿದಳು. "ಅಯ್ಯೋ... ಪೆದ್ದಿ ನಾನೇ ಕಣೋ."

"ಓದಕ್ಕ," ಎಂದ ತಮ್ಮ. ಮುಖವೆಲ್ಲ ನಗು. "ಓನರಮ್ಮ ಕೊನೇವರೆಗೂ ಪೆದ್ದೀನೇ. ನೀನು ಪಾಸಾದೆ."

*

"ರೀ, ಇಳೀರಿ," ಎಂದಳು ಅಕ್ಕ.

"ಯಾಕೇ? ಅವನ ಸ್ವಂತ ಭಾವ ನಾನು."

"ಭಾವ ಹಿಂದೆ ಬರ್ಲಿ. ಅಲ್ಲಿ ಗಡಿಯಾರ ಕೂರಬೇಕು."

"ಹೊರಗಿನವರನ್ನ ಮುಂದೆ ಕೂರಿಸಿದ್ರೆ ಜನ ಏನಂತಾರೆ?"

ಅಕ್ಕ ಬೀದಿಗೆಲ್ಲ ಕೇಳುವ ಹಾಗೆ ದನಿ ಎತ್ತಿದಳು. "ನಾಳೆ ನೀವು ಹೋದ್ರೆ ನನ್ನನ್ನ ಹಿಂದಿನ ವ್ಯಾನಿಗೆ ತಳ್ತಾರೇನ್ರೀ? ನಿಮಗೆ ನಾನು ಹೇಗೋ, ನನ್ನ ತಮ್ಮನಿಗೆ ಇವನು ಹಾಗೆ!"

ಗಡಿಯಾರ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಹಾಗೇ ನಿಂತ. ಸಲೂನಿನವನು ಹಿಂದಿನ ವ್ಯಾನಿನಿಂದ ತಲೆ ಹೊರಹಾಕಿ, "ನಮಗೆಲ್ಲ ಯಾವತ್ತೋ ಗೊತ್ತಮ್ಮಾ. ನೀವು ಬಾಯಿ ಬಿಡ್ಲಿ ಅಂತ ಕಾಯ್ತಿದ್ವಿ," ಎಂದ.

"ಹಂಗಾದ್ರೆ ಗೊತ್ತಿಲ್ದೆ ಉಳಿದವನು ನಾನೊಬ್ನೇನಾ?" ಎಂದರು ಗಂಡ.

"ನೀವೊಬ್ರೇ," ಎಂದಳು ಅಕ್ಕ.

ಅವರು ಇಳಿದರು. ಇಸ್ತ್ರಿ ಮಡಿಕೆ ಮುರಿಯದ ಕರ್ಚೀಫನ್ನು ಜೇಬಿನಿಂದ ತೆಗೆದು, ತಾವು ಕೂತಿದ್ದ ಸೀಟನ್ನು ಒರೆಸಿದರು. ಆಮೇಲೆ ಬಾಗಿಲನ್ನು ಅಗಲ ತೆರೆದು, ಬೀಗರನ್ನು ಬರಮಾಡಿಕೊಳ್ಳುವ ಹಾಗೆ, ಗಡಿಯಾರನತ್ತ ಕೈ ಚಾಚಿದರು.